ಎರಡು ಕಣ್ಣಿನ ಕ್ಯಾಮೆರಾಗೆ ಬೆಲೆ ಎಷ್ಟು?

ಡಾಲಸ್, ಹ್ಯೂಸ್ಟನ್, ಆಸ್ಟಿನ್ ಕಡೆಯ ನಮ್ಮ ಯುವ ಗೆಳೆಯರೇ, ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಿ ನೋಡಿ. ದಾರ ಸೂಜಿಯ ಪಕ್ಕಕ್ಕೇ ಹೋಗುತ್ತದೆ! ಎರಡು ಕಣ್ಣುಗಳು ಒಂದೇ ವಸ್ತುವನ್ನು ತುಸು ಬೇರೆ ಬೇರೆ ಕಡೆಯಿಂದ ನೋಡಿದಾಗಲೇ ನಮಗೆ ದೂರ ಹತ್ತಿರ ಸರಿಯಾಗಿ ತಿಳಿಯುವುದು. 1838ರಲ್ಲಿ ಚಾರ್ಲ್ಸ್ ವೀಟ್‌ಸ್ಟನ್ ಇದನ್ನು ವಿವರಿಸಿದರು. ಎರಡು ಲೆನ್ಸಿನ ಸ್ಟೀರಿಯೋ ಕ್ಯಾಮೆರಾ ಮಾಡುವುದೂ ಇದನ್ನೇ.

ನಮ್ಮ ಊರುಗಳ ಎಸ್ಟೇಟ್ ಸೇಲ್‌ಗಳಲ್ಲಿ ಇಂಥದ್ದು ಕಂಡರೆ ಅದು ಬಹುಶಃ ಮಿಲ್ವಾಕಿಯಲ್ಲಿ 1947ರಿಂದ ತಯಾರಾದ 'ಸ್ಟೀರಿಯೋ ರಿಯಲಿಸ್ಟ್' ಇರಬೇಕು, ಇಲ್ಲವೇ 1954ರ ಕೊಡಾಕ್ ಸ್ಟೀರಿಯೋ. ಹಳೆಯದು ಎಂದ ಮಾತ್ರಕ್ಕೆ ದುಬಾರಿಯಲ್ಲ. ಇವು ಬಹಳ ಮಾರಾಟವಾದವು, ಹಾಗಾಗಿ ಇವತ್ತೂ ಸುಲಭವಾಗಿ ಸಿಗುತ್ತವೆ. 1971ರ 'ಮ್ಯಾಕ್ರೋ ರಿಯಲಿಸ್ಟ್' ತಯಾರಾದದ್ದೇ ಕಡಿಮೆ, ಅದಕ್ಕೇ ಅದರ ಬೆಲೆ ಹೆಚ್ಚು.

ಕೊಳ್ಳುವ ಮೊದಲು ಹಿಂಬದಿಯ ಮುಚ್ಚಳ ತೆಗೆದು ಬೆಳಕಿನ ಕಡೆ ಹಿಡಿಯಿರಿ. ಶಟರನ್ನು ನಿಧಾನದ ವೇಗಕ್ಕಿಟ್ಟು ಒತ್ತಿ. ಎರಡೂ ಕಣ್ಣು ಒಟ್ಟಿಗೆ ತೆರೆದು ಒಟ್ಟಿಗೆ ಮುಚ್ಚಬೇಕು. ಒಂದು ಹಿಂದೆ ಬಿದ್ದರೆ ಒಂದು ಚಿತ್ರ ಕಪ್ಪು, ಇನ್ನೊಂದು ಬಿಳುಪು. ಲೆನ್ಸಿನೊಳಗೆ ಜೇಡರ ಬಲೆಯಂಥ ಗೆರೆ ಕಂಡರೆ ಅದು ಬೂಷ್ಟು, ಬೆಲೆ ಇಳಿಯಿತು ಎಂದೇ ಲೆಕ್ಕ. ಹ್ಯೂಸ್ಟನ್‌ನ ತೇವದಲ್ಲಿ ಚರ್ಮದ ಚೀಲದೊಳಗೆ ಮುಚ್ಚಿಡಬೇಡಿ, ಒಣ ಜಾಗದಲ್ಲಿಡಿ. ಬೇಸಿಗೆಯಲ್ಲಿ ಕಾರಿನೊಳಗಂತೂ ಬಿಡಲೇಬೇಡಿ. ಹೊಳೆಯಲಿ ಎಂದು ತಿಕ್ಕಿ ತೊಳೆಯುವುದೂ ಬೇಡ, ಇದು ಹಿತ್ತಾಳೆ ದೀಪವಲ್ಲ!

ಇದು ಬೆಲೆಯ ಮಾತಾಯಿತು. ಮೌಲ್ಯದ ಮಾತು ಬೇರೆ. ಕ್ಯಾಮೆರಾ ಜೊತೆಗೆ ಕೆಲವೊಮ್ಮೆ ಸ್ಲೈಡುಗಳ ಡಬ್ಬಿಯೂ ಮಾರಾಟಕ್ಕಿರುತ್ತದೆ. ಬೆಳಕಿಗೆ ಹಿಡಿದರೆ ಯಾರದೋ ಮದುವೆ, ಯಾರದೋ ಮಗು, ಕೈ ಚಾಚಿದರೆ ಸಿಗುವಂತೆ. ಹೆಸರು ಬರೆದಿಲ್ಲ. ಹೇಳುವವರೂ ಇಲ್ಲ. ಮನೆಯವರ ನೆನಪು ಅಪರಿಚಿತರ ಕೈಯಲ್ಲಿ ಬರೀ ಚಿತ್ರವಾಗುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ನಾಡಿನದೇ. 1854ರಲ್ಲಿ ಲಿನ್ನೇಯಸ್ ಟ್ರೈಪ್ ಬೇಲೂರು, ಹಳೇಬೀಡುಗಳ ಫೋಟೋ ತೆಗೆದರು. ಮುಂದೆ ತಂಜಾವೂರು, ಮದುರೈಗಳ ಸ್ಟೀರಿಯೋ ಚಿತ್ರಗಳನ್ನೂ ತೆಗೆದರು. ಯಾವ ಊರು, ಯಾವ ಗುಡಿ ಎಂಬುದು ಜೊತೆಯಲ್ಲೇ ಉಳಿದದ್ದರಿಂದ ಇವತ್ತೂ ಅವು ನಮಗೆ ಮಾತಾಡುತ್ತವೆ. ಆಸ್ಟಿನ್‌ನವರೇ, ನಿಮ್ಮ ವಿಶ್ವವಿದ್ಯಾಲಯದ ಹ್ಯಾರಿ ರ್‍ಯಾನ್ಸಮ್ ಸೆಂಟರ್‌ನಲ್ಲಿ ಉಳಿದಿರುವ ಅತಿ ಹಳೆಯ ಕ್ಯಾಮೆರಾ ಚಿತ್ರವಿದೆ, ಫ್ರಾನ್ಸಿನ ನಿಯೆಪ್ಸ್ ತೆಗೆದದ್ದು. ಮಸುಕು ಮಸುಕು. ಆದರೂ ಯಾರ ಕಿಟಕಿಯಿಂದ ಕಂಡ ನೋಟ ಎಂದು ಗೊತ್ತು, ಅದಕ್ಕೇ ಅದು ಚರಿತ್ರೆ.

ಕ್ಯಾಮೆರಾ ಸಂಗ್ರಹಿಸಿ, ಖಂಡಿತ. ಜೊತೆಗೆ ಒಂದು ಕೆಲಸ ಮಾಡಿ. ಮನೆಯ ಹಳೇ ಫೋಟೋಗಳನ್ನು ಈ ವಾರವೇ ಅಜ್ಜಿ ತಾತನ ಮುಂದಿಡಿ, ಊರಲ್ಲಿದ್ದರೆ ವಿಡಿಯೋ ಕಾಲ್ ಮಾಡಿ. "ಇವರು ಯಾರಜ್ಜೀ?" ಎಂದು ಕೇಳಿ. ಹೆಸರು, ಊರು, ವರ್ಷ ಬರೆದಿಡಿ. ನಿಮ್ಮ ಕನ್ನಡ ಅಕ್ಷರ ಸೊಟ್ಟಗಿದ್ದರೂ ಪರವಾಗಿಲ್ಲ. ಕ್ಯಾಮೆರಾ ಮುಂದಿನ ವರ್ಷವೂ ಸಿಗುತ್ತದೆ. ಉತ್ತರ ಹೇಳುವವರು ಈಗ ಇದ್ದಾರೆ.