ಜ್ವರ ಬರುವ ಮುಂಚಿನ ಲಸಿಕೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಇಂಥ ಸಮಾರಂಭಕ್ಕೆ ವೈದ್ಯರನ್ನು ಕರೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಬಗ್ಗೆ ನಾಲ್ಕು ಮಾತು ಹೇಳಲಿ ಎಂಬುದು ವಾಡಿಕೆ. ಇಂದಿನ ಊಟಕ್ಕೆ ಹೋಳಿಗೆ ಇದೆಯೆಂದು ಕೇಳಿದೆ. ಆದ್ದರಿಂದ ಆ ಪಾಪಕ್ಕೆ ಕೈಹಾಕುವುದಿಲ್ಲ. ಬೇರೊಂದು ಆರೋಗ್ಯದ ಮಾತು ಆಡುತ್ತೇನೆ.

2016ರ ಸೆಪ್ಟೆಂಬರ್ ತಿಂಗಳು ನಿಮಗೆಲ್ಲ ನೆನಪಿರಬಹುದು. ಕಾವೇರಿ ನೀರಿನ ವಿಷಯಕ್ಕೆ ಬೆಂಗಳೂರಿನಲ್ಲಿ ತಮಿಳುನಾಡು ನೋಂದಣಿಯ ಬಸ್ಸುಗಳು ಹೊತ್ತಿ ಉರಿದವು. ಚೆನ್ನೈನಲ್ಲಿ ಕನ್ನಡಿಗರ ಹೋಟೆಲಿನ ಮೇಲೆ ದಾಳಿ ನಡೆಯಿತು. ಆಗ ನನ್ನ ಮಗಳಿಗೆ ಒಂಬತ್ತು ವರ್ಷ. ಟಿ.ವಿ.ಯಲ್ಲಿ ಬೆಂಕಿ ನೋಡಿದವಳು ಮಲಗುವ ಹೊತ್ತಿಗೆ ನನ್ನ ಹತ್ತಿರ ಬಂದು, "ಅಮ್ಮಾ, ನಾಳೆ ನಾನು ಅವಳ ಪಕ್ಕ ಕೂತ್ಕೋಬಹುದಾ?" ಎಂದು ಕೇಳಿದಳು. 'ಅವಳು' ಎಂದರೆ ಶಾಲೆಯಲ್ಲಿ ಇವಳ ಜೀವದ ಗೆಳತಿ, ತಮಿಳರ ಹುಡುಗಿ. ನಾನು, "ಅದೆಲ್ಲ ದೊಡ್ಡವರ ವಿಷಯ, ನೀನು ಮಲಗು" ಎಂದು ದೀಪ ಆರಿಸಿದೆ. ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಈ ದೇಶದಲ್ಲಿ ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿ ತರಬೇತಿ ಪಡೆದ ನನ್ನ ಬಳಿ ಒಂಬತ್ತು ವರ್ಷದ ಮಗುವಿನ ಪ್ರಶ್ನೆಗೆ ಉತ್ತರವಿರಲಿಲ್ಲ.

ಆ ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ನಮ್ಮದೇ ಲಂಡನ್ನಿನ ಪೂರ್ವ ಭಾಗದ ಬೋ ಎಂಬಲ್ಲಿರುವ ಕಿಂಗ್ಸ್‌ಲಿ ಹಾಲ್. ಮ್ಯೂರಿಯಲ್ ಲೆಸ್ಟರ್ ಮತ್ತು ಡೋರಿಸ್ ಲೆಸ್ಟರ್ ಎಂಬ ಅಕ್ಕತಂಗಿಯರು 1915ರಲ್ಲಿ, ತೀರಿಕೊಂಡ ತಮ್ಮನ ಹೆಸರಿನಲ್ಲಿ ಅದನ್ನು ಶುರುಮಾಡಿದರು. ಅದು ಮೊದಲನೆಯ ಮಹಾಯುದ್ಧದ ಕಾಲ. ಅದೇ ವರ್ಷದ ಮೇ ತಿಂಗಳಲ್ಲಿ ಪೂರ್ವ ಲಂಡನ್ನಿನ ಜನ, ನಿನ್ನೆಯವರೆಗೆ ತಾವೇ ಬ್ರೆಡ್ ಕೊಳ್ಳುತ್ತಿದ್ದ ಜರ್ಮನ್ ಮೂಲದವರ ಅಂಗಡಿಗಳನ್ನು ಒಡೆದು ಲೂಟಿ ಮಾಡಿದರು. ಅಂಥ ಹೊತ್ತಿನಲ್ಲಿ ಈ ಸಿರಿವಂತರ ಮನೆಯ ಹೆಣ್ಣುಮಕ್ಕಳು ಬಡವರ ಬೀದಿಯಲ್ಲಿ ಬಾಗಿಲು ತೆರೆದು ಕೂತರು. ದೊಡ್ಡವರಿಗೆ ಓದುವ, ಸೇರುವ ಜಾಗ, ಮಕ್ಕಳಿಗೆ ಶಿಶುವಿಹಾರ. ಯುದ್ಧ ಬೇಡ ಎಂಬ ಮಾತನ್ನು ಅವರು ಬರೀ ಭಾಷಣದಲ್ಲಿ ಹೇಳಲಿಲ್ಲ. ಅಕ್ಕಪಕ್ಕದವರ ಕಷ್ಟಸುಖಗಳ ನಡುವೆ ಇದ್ದು ಹೇಳಿದರು.

1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಬಂದ ಗಾಂಧೀಜಿ ಹೋಟೆಲು ಬೇಡವೆಂದು ಸುಮಾರು ಹನ್ನೆರಡು ವಾರ ಇಲ್ಲಿಯೇ, ಮಾಳಿಗೆಯ ಮೇಲಿನ ಪುಟ್ಟ ಕೋಣೆಯಲ್ಲಿ ಉಳಿದರು. ಬೀದಿಯ ಮಕ್ಕಳಿಗೆ ಅವರು 'ಅಂಕಲ್ ಗಾಂಧಿ'. ಅಕ್ಟೋಬರ್ 2ಕ್ಕೆ ಆ ಮಕ್ಕಳು ಉಣ್ಣೆಯ ಆಟಿಕೆ ನಾಯಿ, ಮೇಣದಬತ್ತಿಗಳನ್ನು ಉಡುಗೊರೆ ಕೊಟ್ಟರು. ಆಗಿನ ಒಂದು ಪ್ರಸಂಗವನ್ನು ಈಗಲೂ ಹೇಳುತ್ತಾರೆ. ಒಬ್ಬ ತಂದೆ ಗಾಂಧೀಜಿಯ ಬಳಿ ದೂರು ತಂದನಂತೆ: ತನ್ನ ಪುಟ್ಟ ಮಗಳು ಬೆಳಗಾಗೆದ್ದು ತನ್ನನ್ನು ಹೊಡೆದು ಎಬ್ಬಿಸಿ, ತಿರುಗಿ ಹೊಡೆಯಬಾರದು, ಗಾಂಧಿ ಹೇಳಿದ್ದಾರೆ ಎನ್ನುತ್ತಾಳೆ! ಪಾಠ ಅರ್ಧವಷ್ಟೇ ತಲೆಗೆ ಹೋಗಿತ್ತು. ಪರವಾಗಿಲ್ಲ, ಯಾರಾದರೂ ಕೂತು ಪಾಠ ಹೇಳಿದ್ದರಲ್ಲ.

ಆ ಕಾಲದ ನಮ್ಮವರೊಬ್ಬರನ್ನೂ ನೆನೆಯಬೇಕು. ಕ್ಯಾನಿಂಗ್ ಟೌನಿನಲ್ಲಿ ವೈದ್ಯರಾಗಿದ್ದ ಡಾ. ಚುನಿಲಾಲ್ ಕಟಿಯಾಲ್ ಅವರ ಮನೆಯಲ್ಲೇ ಗಾಂಧೀಜಿ ಮತ್ತು ಚಾರ್ಲಿ ಚಾಪ್ಲಿನ್ ಭೇಟಿಯಾದದ್ದು. ಮುಂದೆ ಅವರು 1938ರಲ್ಲಿ ಫಿನ್ಸ್‌ಬರಿಯ ಮೇಯರ್ ಆದರು. ಅದೇ ವರ್ಷ ಅಲ್ಲಿ ಪ್ರಸಿದ್ಧ ಆರೋಗ್ಯ ಕೇಂದ್ರ ತೆರೆಯಿತು. ಪರದೇಶದಿಂದ ಬಂದವನು ತನ್ನ ಪಾಡಿಗೆ ತಾನಿರಬೇಕು ಎಂದು ಅವರು ಅಂದುಕೊಳ್ಳಲಿಲ್ಲ.

ನಾನು ಅಂದುಕೊಂಡಿದ್ದೆ. 2024ರ ಆಗಸ್ಟ್ 7ರಂದು ವಾಲ್ತಮ್‌ಸ್ಟೋದಲ್ಲಿ ವಲಸಿಗರ ವಿರುದ್ಧ ಗುಂಪು ಸೇರುತ್ತದೆ ಎಂಬ ಸುದ್ದಿ ಹಬ್ಬಿತ್ತು. ನಾನು ಆಸ್ಪತ್ರೆಯಿಂದ ಬೇಗ ಬಂದು ಕಿಟಕಿಯ ಪರದೆ ಎಳೆದು ಒಳಗೆ ಕೂತೆ. ಆ ಸಂಜೆ ಸಾವಿರಾರು ಮಂದಿ ಸ್ಥಳೀಯರು ನಮ್ಮಂಥವರ ಪರವಾಗಿ ಶಾಂತವಾಗಿ ಬೀದಿಗೆ ಬಂದು ನಿಂತರು. ನಿಂತವರು ಅವರು, ಅವಿತವಳು ನಾನು. ಈ ಮಾತು ಹೇಳಲು ನಾಚಿಕೆಯಾಗುತ್ತದೆ. ಆದರೂ ನಿಮ್ಮ ಮುಂದೆ ಹೇಳದೆ ಇನ್ನೆಲ್ಲಿ ಹೇಳಲಿ?

ಲಸಿಕೆಯನ್ನು ಜ್ವರ ಬಂದ ಮೇಲೆ ಹಾಕುವುದಿಲ್ಲ, ಮಗು ಆಡಿಕೊಂಡಿರುವಾಗಲೇ ಹಾಕುತ್ತೇವೆ. ಶಾಂತಿಯ ಪಾಠವೂ ಹಾಗೆಯೇ. ಕಾವೇರಿಯ ವಿಷಯದಲ್ಲೇ ಇದಕ್ಕೊಂದು ನಿದರ್ಶನವಿದೆ. 2003ರಲ್ಲಿ ಎರಡೂ ರಾಜ್ಯಗಳ ರೈತರು 'ಕಾವೇರಿ ಕುಟುಂಬ' ಎಂದು ಒಂದಾಗಿ, ಒಬ್ಬರ ಗದ್ದೆ ಇನ್ನೊಬ್ಬರು ನೋಡಿ, ಎದುರುಬದುರು ಕೂತು ಮಾತಾಡಿದರು. ವಿವಾದ ಅದರಿಂದ ಬಗೆಹರಿಯಲಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟೇ ತೀರ್ಪು ಕೊಡಬೇಕಾಯಿತು. ಆದರೆ ಪಕ್ಕದ ರಾಜ್ಯದ ರೈತನ ಬಾಯಿಂದಲೇ ಅವನ ಕಷ್ಟ ಕೇಳಿದವನು ಅವನ ಬಸ್ಸಿಗೆ ಬೆಂಕಿ ಹಚ್ಚುವ ಮುಂಚೆ ಒಂದು ಗಳಿಗೆ ಯೋಚಿಸುತ್ತಾನೆ. ಆ ಒಂದು ಗಳಿಗೆಯೇ ನನಗೆ ದೊಡ್ಡದು.

ಹಾಗಾಗಿ ಸಂಘದ ಮುಂದೆ ನನ್ನದು ಮೂರು ಸಣ್ಣ ಕೋರಿಕೆ. ನಮ್ಮ ಭಾನುವಾರದ ಕನ್ನಡ ತರಗತಿಗೆ ತಿಂಗಳಿಗೊಮ್ಮೆ ತಮಿಳು ಶಾಲೆಯ ಮಕ್ಕಳನ್ನು ಕರೆಯೋಣ. ತಲಕಾವೇರಿಯಿಂದ ಪೂಂಪುಹಾರ್‌ವರೆಗೆ ಕಾವೇರಿಯ ನಕ್ಷೆಯನ್ನು ಅವರೂ ಇವರೂ ಸೇರಿ ಬರೆಯಲಿ. ಎರಡನೆಯದು ದೊಡ್ಡವರಿಗೆ: ಫೋನಿಗೆ ಬಂದ ಸಿಟ್ಟಿನ ಸಂದೇಶವನ್ನು ಮುಂದೆ ಕಳಿಸುವ ಮುನ್ನ ಒಂದು ರಾತ್ರಿ ಕಾಯೋಣ. ಮೂರನೆಯದು, ವರ್ಷಕ್ಕೊಮ್ಮೆ ಮಕ್ಕಳನ್ನು ಕಿಂಗ್ಸ್‌ಲಿ ಹಾಲ್‌ಗೆ ಕರೆದುಕೊಂಡು ಹೋಗೋಣ. ಬ್ರಾಮ್ಲಿ-ಬೈ-ಬೋ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಇದಕ್ಕೆಲ್ಲ ಬೇಕಾದ್ದು ಹಣವಲ್ಲ, ನಾಲ್ಕೈದು ಜನ ಸ್ವಯಂಸೇವಕರು. ಮೊದಲ ಹೆಸರು ನನ್ನದು ಬರೆದುಕೊಳ್ಳಿ.

ಅಂದು ನನ್ನ ಮಗಳು ನನ್ನ ಅಪ್ಪಣೆಗೆ ಕಾಯಲಿಲ್ಲ. ಮರುದಿನ ಗೆಳತಿಯ ಪಕ್ಕದಲ್ಲೇ ಕೂತು, ಡಬ್ಬಿಯಲ್ಲಿದ್ದ ಚಿತ್ರಾನ್ನ ಹಂಚಿಕೊಂಡು ಬಂದಳು. ಮನೆ ಗೆದ್ದು ಮಾರು ಗೆಲ್ಲು ಎನ್ನುತ್ತಾರೆ. ನಮ್ಮ ಮನೆಯನ್ನು ಅವಳೇ ಗೆದ್ದಳು. ಮಾರು ಗೆಲ್ಲುವ ಕೆಲಸ ಇನ್ನು ನಮ್ಮದು.

ಸಿರಿಗನ್ನಡಂ ಗೆಲ್ಗೆ.