ಕಳೆಯುವ ಅಂಕ
(ಶತಮಾನೋತ್ಸವದ ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಪಾಠ)



ನೂರು ವರ್ಷಗಳ ಸಾಧನೆಯನ್ನು ಹಿಂದಿನ ಭಾಷಣಕಾರರು ವಿವರಿಸಿದ್ದಾರೆ. ನಾವು ನಮ್ಮದೊಂದು ತಪ್ಪನ್ನು ತಮ್ಮೆದುರು ನಿವೇದಿಸಬಯಸುತ್ತೇವೆ.

ಕೆಲವು ವರ್ಷಗಳ ಹಿಂದೆ ಶಾಲಾ ಮಕ್ಕಳ ಜಿಮ್ನಾಸ್ಟಿಕ್ಸ್ ಸ್ಪರ್ಧೆಯೊಂದಕ್ಕೆ ಮಕ್ಕಳನ್ನು ಕರೆದೊಯ್ದಿದ್ದೆವು. ಸಿಬ್ಬಂದಿ ಸಾಲದೆ ನಮ್ಮಿಬ್ಬರು ಶಿಕ್ಷಕಿಯರನ್ನು ಗಣಕಯಂತ್ರದ ಮುಂದೆ ಕೂರಿಸಿದರು. ಒಬ್ಬರು ತೀರ್ಪುಗಾರರ ಚೀಟಿ ಓದುವುದು, ಇನ್ನೊಬ್ಬರು ಅಂಕ ಒತ್ತುವುದು. ಕನ್ನಡ ಎಂ.ಎ. ಮಾಡಿದವರಿಗೆ ಹತ್ತು ಸೆಂಟಿಮೀಟರ್ ಅಗಲದ ತೊಲೆಯ ಮೇಲಿನ ಪಲ್ಟಿಯ ವಿಚಾರದಲ್ಲಿ ಏನು ಅಧಿಕಾರ! ಆದರೆ ಲೆಕ್ಕ ಸರಳವಾಗಿತ್ತು. ನಿರ್ವಹಣೆಯ ಅಂಕ ಹತ್ತರಿಂದ ಆರಂಭವಾಗುತ್ತದೆ. ಸಣ್ಣ ಲೋಪಕ್ಕೆ 0.1, ಮಧ್ಯಮಕ್ಕೆ 0.3, ದೊಡ್ಡದಕ್ಕೆ 0.5, ಬಿದ್ದರೆ ಪೂರ್ತಿ 1.0 ಕಡಿತ. ಮಂಡಿ ಎಷ್ಟು ಬಾಗಿತು, ಪಾದ ಎಷ್ಟು ಕದಲಿತು ಎಂಬುದಕ್ಕೆಲ್ಲ ಬೆಲೆಯುಂಟು. ನಾಲ್ವರ ಅಂಕಗಳಲ್ಲಿ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದೆರಡರ ಸರಾಸರಿಯನ್ನು ಯಂತ್ರವೇ ತೆಗೆಯುತ್ತಿತ್ತು.

ಯಂತ್ರಗಳೂ ಎಡವುತ್ತವೆ. 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಹದಿನಾಲ್ಕರ ನಾದಿಯಾ ಕೊಮನೆಚಿ ಹತ್ತಕ್ಕೆ ಹತ್ತು ಪಡೆದಾಗ ಅಷ್ಟು ಅಂಕ ತೋರಿಸಲಾರದ ಫಲಕ 1.00 ಎಂದು ತೋರಿಸಿತ್ತು. ಅಲ್ಲಿ ತಪ್ಪು ಎಲ್ಲರ ಕಣ್ಣಿಗೂ ಬಿತ್ತು. ನಮ್ಮದು ಬೀಳಲಿಲ್ಲ.

ಒಬ್ಬ ಹುಡುಗಿಗೆ ನಾಲ್ವರು ಕಳೆದದ್ದು 1.6, 1.8, 1.9 ಮತ್ತು 2.3. ನ್ಯಾಯವಾಗಿ ಸಲ್ಲಬೇಕಾದದ್ದು 8.15. ಎರಡನೆಯ ಚೀಟಿಯಲ್ಲಿ ತೀರ್ಪುಗಾರರು ಕಡಿತದ ಪಕ್ಕದಲ್ಲಿ ಉಳಿದ ಅಂಕವನ್ನೂ, ಅಂದರೆ 8.2 ಎಂದೂ ಬರೆದಿದ್ದರು. ಕಡಿತದ ಕೋಷ್ಠಕದಲ್ಲಿ ನಾವು ಅದನ್ನೇ ಒತ್ತಿದೆವು. ಯಂತ್ರ ಆ ತೀರ್ಪುಗಾರರ ಅಂಕವನ್ನು 1.8 ಎಂದೆಣಿಸಿ, ಅತಿ ಕಡಿಮೆಯೆಂದು ಮರುಮಾತಿಲ್ಲದೆ ಬದಿಗೆ ಸರಿಸಿತು. ಬಿಟ್ಟುಹೋಗಬೇಕಿದ್ದ 7.7 ಲೆಕ್ಕಕ್ಕೆ ಬಂದು ಅಂಕ 7.9 ಆಯಿತು. ಯಾರಿಗೂ ಸಂಶಯ ಬಾರದಂಥ ಸಂಖ್ಯೆ. ಕಾಲಂಶವಲ್ಲವೇ ಎನ್ನಬಹುದು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ದೀಪಾ ಕರ್ಮಾಕರ್‌ಗೆ ಕಂಚು ತಪ್ಪಿದ್ದು 0.150ರಿಂದ.

ಆ ದಿನ ಮೂರನೆಯ ಸ್ಥಾನ ಬಂದದ್ದು ನಮ್ಮ ಶಾಲೆಯ ಹುಡುಗಿಗೆ. ಅಂತರ ಹತ್ತನೆಯ ಒಂದಂಶ. ಸಂಜೆ ಚೀಟಿಗಳನ್ನು ಮುದ್ರಿತ ಪಟ್ಟಿಯೊಡನೆ ತಾಳೆ ನೋಡುವಾಗ ಆ 1.8 ಕಣ್ಣಿಗೆ ಬಿತ್ತು. ಅಂತರರಾಷ್ಟ್ರೀಯ ನಿಯಮದಂತೆ ಕ್ಲಿಷ್ಟತೆಯ ಅಂಕವನ್ನು ಪ್ರಶ್ನಿಸಬಹುದು, ನಿರ್ವಹಣೆಯ ಅಂಕವನ್ನಲ್ಲ. ಅಲ್ಲಿಯೂ ಅದೇ ಪದ್ಧತಿ. ಆದ್ದರಿಂದ ಆ ಹುಡುಗಿಯ ಪರವಾಗಿ ಕೇಳುವವರಿರಲಿಲ್ಲ. ಚೀಟಿ ಮಾತ್ರ ನಮ್ಮ ಕೈಯಲ್ಲಿತ್ತು. ಪದಕ ಧರಿಸಿದ ನಮ್ಮ ಮಗು ಹೊರಗೆ ವ್ಯಾನಿನಲ್ಲಿ ಕುಳಿತು ಗೆಳತಿಯರೊಡನೆ ಹಾಡುತ್ತಿತ್ತು. ಆ ಹಾಡು ಕೇಳುತ್ತ ನಾವಿಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆವು. ಅದನ್ನು ಮರೆಮಾಚಲಾರೆವು.

ಬಳಿಕ ಮುಖ್ಯ ತೀರ್ಪುಗಾರರ ಬಳಿ ಹೋದೆವು. ಅವರು ಗದರಲಿಲ್ಲ, ಚೀಟಿ ನೋಡಿ ಫಲಿತಾಂಶ ತಿದ್ದಿದರು. ಒತ್ತಿದವರು ಯಾರು, ಓದಿದವರು ಯಾರು ಎಂದು ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ, ತಪ್ಪು ನಮ್ಮಿಬ್ಬರದೂ.

ವ್ಯಾನಿನ ಬಳಿ ವಿಷಯ ತಿಳಿಸಿದಾಗ ನಮ್ಮ ಹುಡುಗಿ ಅಳಲಿಲ್ಲ. ಪದಕ ತೆಗೆದು ಕೊಟ್ಟು, "ಟೀಚರ್, ಹಾಗಾದರೆ ನನ್ನ ಅಂಕವಾದರೂ ಸರಿಯಾಗಿದೆಯೇ?" ಎಂದು ಕೇಳಿದಳು. ಉತ್ತರಿಸಲಾಗದೆ ಒಳಗೆ ಮರಳಿ ಪ್ರತಿಯೊಂದು ಚೀಟಿಯನ್ನೂ ಮತ್ತೆ ಕೂಡಿಸಿದೆವು. ಅವಳ ಅಂಕ ಸರಿಯಿತ್ತು. ಊರು ಸೇರುವಾಗ ರಾತ್ರಿ ಹನ್ನೊಂದು; ಗೇಟಿನಲ್ಲಿ ಕಾದಿದ್ದ ಪೋಷಕರಿಗೆ ತಡವಾದ ಕಾರಣವನ್ನು ಅವಳೇ ಹೇಳಿದಳು. ಇಂದು ಈ ಸಭೆಯ ಮೂರನೆಯ ಸಾಲಿನಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಾಳೆ. ಹೆಸರು ಹೇಳಿದರೆ ಕೋಪಿಸಿಕೊಂಡಾಳು.

ಅಂದಿನಿಂದ ನಮ್ಮ ಶಾಲೆಯಲ್ಲಿ ಪರೀಕ್ಷೆಯ ಅಂಕಗಳನ್ನು ಗಣಕಕ್ಕೆ ಏರಿಸಿದ ಮೇಲೆ, ಏರಿಸದೆ ಇದ್ದ ಮೂರನೆಯವರೊಬ್ಬರು ಉತ್ತರಪತ್ರಿಕೆಯಿಂದಲೇ ಗಟ್ಟಿಯಾಗಿ ಓದಿ ತಾಳೆ ನೋಡುತ್ತಾರೆ. ಎರಡು ದಿನ ಹೆಚ್ಚು ಹಿಡಿಯುತ್ತದೆ. ಫಲಿತಾಂಶ ತಡವಾಯಿತೆಂದು ತಾವು ದೂರವಾಣಿ ಮಾಡುವುದು ಆ ಎರಡು ದಿನಗಳಲ್ಲೇ. ನೋಡಬಯಸುವವರು ಬನ್ನಿರಿ, ಪತ್ರಿಕೆಗಳ ಕಪಾಟಿನ ಬೀಗದ ಕೈ ಕಚೇರಿಯಲ್ಲಿದೆ.