ಸಕ್ಕರೆ ಫೈಲಿನಲ್ಲಿ ಮನಸ್ಸಿಗೂ ಒಂದು ಕಾಲಂ



ಈ ಆರೋಗ್ಯ ಮೇಳದಲ್ಲಿ ಆಪ್ತಸಮಾಲೋಚಕರ ಮಳಿಗೆಯನ್ನು ಸಕ್ಕರೆ, ಬಿಪಿ ತಪಾಸಣೆಯ ಮಗ್ಗುಲಲ್ಲೇ ಹಾಕಿದ್ದಾರೆ. ಅದು ಇರಬೇಕಾದ ಜಾಗವೇ ಅದು ಎಂಬುದು ನನ್ನ ವಾದ. ಸಕ್ಕರೆ ಕಾಯಿಲೆಯಂಥ ದೀರ್ಘಕಾಲದ ರೋಗಕ್ಕೆ ಚಿಕಿತ್ಸೆ ಬಹುಪಾಲು ನಡೆಯುವುದು ಮನೆಯಲ್ಲಿ, ರೋಗಿಯ ಕೈಯಿಂದಲೇ. ಹೊತ್ತಿಗೆ ಸರಿಯಾಗಿ ಮಾತ್ರೆ, ಅನ್ನ-ಮುದ್ದೆಯ ಅಳತೆ, ನಡಿಗೆ, ಪಾದದಲ್ಲಿ ಗಾಯವಾಗಿದೆಯೇ ಎಂದು ರಾತ್ರಿ ಒಮ್ಮೆ ನೋಡಿಕೊಳ್ಳುವುದು. ಖಿನ್ನತೆ ಕವಿದಾಗ ಮೊದಲು ಕೈತಪ್ಪುವುದು ಇವೇ. ಮಾತ್ರೆ ತಪ್ಪಿದರೆ ಸಕ್ಕರೆ ಏರುತ್ತದೆ, ಏರಿದ ಸಕ್ಕರೆ ಸುಸ್ತು ತರುತ್ತದೆ, ಸುಸ್ತಾದವರಿಗೆ ಇನ್ನಷ್ಟು ಬೇಸರ. ಇನ್ಸುಲಿನ್ ಡೋಸ್ ಏರಿಸಿದ ಮಾತ್ರಕ್ಕೆ ಇದು ಬಿಚ್ಚಿಕೊಳ್ಳುವ ಗಂಟಲ್ಲ.

ದೇಹ, ಮನಸ್ಸು, ಸಂಸಾರದ ಸ್ಥಿತಿಗತಿ ಮೂರನ್ನೂ ಒಟ್ಟಿಗೆ ನೋಡಬೇಕೆಂದು ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ 1977ರಲ್ಲೇ ವಾದಿಸಿದ್ದರು. ಎಲ್ಲರೂ ತಲೆದೂಗಿದರು, ಮಾಡಿದವರು ಕಡಿಮೆ. ನಮ್ಮಲ್ಲಿ ಅದನ್ನು ಮಾಡಿ ನೋಡಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಬೆಂಗಳೂರು, ಚೆನ್ನೈ, ವಿಶಾಖಪಟ್ಟಣ, ದೆಹಲಿಯ ನಾಲ್ಕು ಕ್ಲಿನಿಕ್‌ಗಳಲ್ಲಿ ಸಕ್ಕರೆ ಕಾಯಿಲೆಯ ಜೊತೆ ಖಿನ್ನತೆಯ ಲಕ್ಷಣಗಳೂ ಇದ್ದ 404 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆ ಒಬ್ಬ ಸಹಾಯಕರು: ಮಾತ್ರೆ, ಊಟ, ಮನಸ್ಸಿನ ಸ್ಥಿತಿ ಎಲ್ಲವನ್ನೂ ವಿಚಾರಿಸಿ, ತಜ್ಞರಿಗೆ ವರದಿ ಒಪ್ಪಿಸುವವರು. ಎರಡು ವರ್ಷದ ಕೊನೆಗೆ ಖಿನ್ನತೆ ಅರ್ಧಕ್ಕಿಳಿದು, ಸಕ್ಕರೆ, ಬಿಪಿ, ಕೊಲೆಸ್ಟರಾಲ್‌ಗಳಲ್ಲಿ ಒಂದಾದರೂ ನಿಗದಿತ ಮಟ್ಟಿಗೆ ತಗ್ಗಿದವರು ಆ ಗುಂಪಿನಲ್ಲಿ ಶೇ 71.6, ಎಂದಿನ ಚಿಕಿತ್ಸೆಯಲ್ಲಿ ಶೇ 57.4.

ಎಂದಿನ ಚಿಕಿತ್ಸೆಯಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಸುಧಾರಿಸಿದರಲ್ಲ, ಹೆಚ್ಚುವರಿ ಖರ್ಚೇಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಹತ್ತು ಕೋಟಿ ಮಧುಮೇಹಿಗಳಿರುವ ದೇಶದಲ್ಲಿ ನೂರಕ್ಕೆ ಹದಿನಾಲ್ಕರ ಅಂತರ ಸಣ್ಣದಲ್ಲ. ಮನೋವೈದ್ಯರನ್ನು ಎಲ್ಲಿಂದ ತರುವುದು ಎಂಬ ಆಕ್ಷೇಪಕ್ಕೂ ಉತ್ತರ ಇದೇ ಅಧ್ಯಯನದಲ್ಲಿದೆ: ಆ ಸಹಾಯಕರು ವೈದ್ಯರಾಗಿರಲಿಲ್ಲ, ತರಬೇತಿ ಪಡೆದವರಾಗಿದ್ದರು.

ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಬೇರೆ. ನೋವೆಂದು ಬಂದ ಹೆಂಗಸಿಗೆ ‘ಏನಿಲ್ಲಮ್ಮ, ಬರೀ ಟೆನ್ಶನ್ನು, ಮನಸ್ಸಿಗೆ ಹಚ್ಕೋಬೇಡಿ’ ಎಂದು ಸಾಗಹಾಕುವ ರೂಢಿ ಮೊದಲೇ ಇದೆ; ಮನಸ್ಸಿನ ಮಾತೆತ್ತಿದರೆ ಅದಕ್ಕೆ ಇನ್ನಷ್ಟು ಕುಮ್ಮಕ್ಕು ಸಿಗದೇ? ಸಿಗುತ್ತದೆ, ತಪಾಸಣೆಯ ಬದಲಿಗೆ ಸಾಂತ್ವನ ಕೊಟ್ಟರೆ. ಆಪ್ತಸಮಾಲೋಚನೆ ರಕ್ತಪರೀಕ್ಷೆಯ ಜೊತೆಗಿರಬೇಕಾದ್ದು, ಅದರ ಜಾಗದಲ್ಲಲ್ಲ. ‘ಸಮಗ್ರ ಚಿಕಿತ್ಸೆ’ ಎಂದು ಬೋರ್ಡು ಹಾಕಿ, ಇನ್ಸುಲಿನ್ ಬಿಡಿ ಎಂದು ಪುಡಿಯ ಡಬ್ಬಿ ಮಾರುವವರಿಗೂ ಇದೇ ಮಾತು. (ಅಂಥ ಮಳಿಗೆಗೆ ಇಲ್ಲಿ ಜಾಗ ಕೊಟ್ಟಿಲ್ಲವೆಂದು ನಂಬಿದ್ದೇನೆ.)

ಸಂಘಟಕರಲ್ಲಿ ಒಂದು ಕೋರಿಕೆ. ಬೆರಳು ಚುಚ್ಚಿ ರಕ್ತ ತೆಗೆಯುವ ಮೇಜಿನಲ್ಲೇ ಎರಡು ಪ್ರಶ್ನೆ ಕೇಳಿ: ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿಯಿಲ್ಲ ಅನ್ನಿಸಿತ್ತೇ? ಮನಸ್ಸು ಕುಗ್ಗಿತ್ತೇ? ಹೌದೆಂದವರನ್ನು ಪಕ್ಕದ ಮಳಿಗೆಗೆ ನೀವೇ ಕರೆದೊಯ್ಯಿರಿ. ಮೇಳ ಮುಗಿದ ಮೇಲೂ ಮಾತಾಡಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.